ಮಾತ್ರೆ ಬಿಟ್ಟ ಮೇಲಿನ ಎರಡು ತಿಂಗಳು

ಬಯಲುಸೀಮೆಯ ಪುರವರದ ಹತ್ತಿರದ ಆ ಕುರಿಗಾಹಿಗಳ ಹಟ್ಟಿಯಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ಕಲ್ಲು. ಬೇಲಿಯಾಚೆ ಆಳೆತ್ತರವೂ ಇಲ್ಲದ ಹುಲ್ಲಿನ ಗುಡಿಸಲಿತ್ತು. ಒಳಗೆ ಹೆಂಗಸೊಬ್ಬಳು ಕೂತಿದ್ದಳು. ದಾರಿ ಕೇಳಲು ಹತ್ತಿರ ಹೋದೆ. ಕಲ್ಲು ಬಂದು ಮೊಣಕಾಲಿಗೆ ಬಡಿಯಿತು.

"ಅಲ್ಲೇ ನಿಂತ್ಕಳಮ್ಮ! ಮುಟ್ಟಾಗಿವ್ನಿ. ನಿನ್ನ ಸೋಕಿದ್ರೆ ನನ್ನ ಸಾಯ್ಸ್‌ಬುಡ್ತಾರೆ!"

ಅವಳು ನಾಗಕ್ಕ. ನಾನು ಸರಕಾರ ಕಳಿಸಿದ್ದ ಹೆರಿಗೆ ನರ್ಸು, ಕುಂದಾಪುರದವಳು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು.

ನಮ್ಮ ಕಡೆಯವರಿಗೆ ಈ ಸೀಮೆಯನ್ನು ಹೇಗೆ ತಿಳಿಸಲಿ? ನಮ್ಮಲ್ಲಿ ಎಲ್ಲಿ ತೋಡಿದರೂ ನೀರು, ಇಲ್ಲಿ ಬಂಡೆ. ಕುಚ್ಚಲಕ್ಕಿ ಗಂಜಿ ಉಂಡ ನಾನು ರಾಗಿಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡೆ. ನುಂಗಬೇಕೆಂದು ಯಾರೂ ಹೇಳಿರಲಿಲ್ಲ. ಮೊದಲ ವಾರ ಒಬ್ಬಳು ಬಂದು "ನೀರು ನಿಂತೈತೆ ಕಣಮ್ಮ" ಅಂದಾಗ, ಬಾವಿ ಬತ್ತಿತೇ ಎಂದು ಕೇಳಿ ನಗೆಪಾಟಲಾದೆ. ಮುಟ್ಟು ನಿಂತಿದೆ, ಬಸಿರಾಗಿದ್ದೇನೆ ಎಂಬುದಕ್ಕೆ ಇಲ್ಲಿ ಹಾಗೆನ್ನುತ್ತಾರೆ.

ಮುಟ್ಟಾದರೆ ನಮ್ಮಲ್ಲೂ ಹಿತ್ತಲ ಜಗಲಿಯಲ್ಲಿ ಕೂರಿಸುತ್ತಾರೆ. ಅದು ಮನೆಯವರಿಗಷ್ಟೇ ಗೊತ್ತಾಗುವ ಸಂಗತಿ. ಇಲ್ಲಿ ಹಾಗಲ್ಲ. ಗುಡಿಸಲಲ್ಲಿ ಈ ತಿಂಗಳು ಯಾರು ಕೂತರು, ಯಾರು ಕೂರಲಿಲ್ಲ ಎಂಬ ಲೆಕ್ಕ ಹಟ್ಟಿಗೆಲ್ಲ ಬಾಯಿಪಾಠ.

ನಾಗಕ್ಕನ ಐದನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಚಾಪೆ ತೊಯ್ದು ನೆಲಕ್ಕಿಳಿಯಿತು. ಬದುಕಿದ್ದೇ ಹೆಚ್ಚು. ಮಗು ಮೊಲೆ ಬಿಟ್ಟ ಮೇಲೆ ನನ್ನ ಬಾಗಿಲಿಗೆ ಬಂದು, "ಇನ್ನೊಂದು ಹೆತ್ರೆ ಸತ್ತೋಯ್ತೀನಿ. ಏನಾರ ಮಾಡಮ್ಮ" ಅಂದಳು.

ಪಟ್ಟಣದ ಲೇಡಿ ಡಾಕ್ಟರು ಅವಳನ್ನು ಪರೀಕ್ಷಿಸಿ ಹೊಸದಾಗಿ ಬಂದಿದ್ದ, ಬಸಿರು ತಡೆಯುವ ಮಾತ್ರೆ ಕೊಟ್ಟರು. ಇಪ್ಪತ್ತೊಂದು ದಿನ ನುಂಗಿ ಏಳು ದಿನ ಬಿಡಬೇಕು. ಗಂಡ ಕರಿಯಣ್ಣನಿಗೆ ಗೊತ್ತಾಗದಂತೆ ಪೊಟ್ಟಣ ನನ್ನ ಬೀರುವಿನಲ್ಲೇ ಉಳಿಯಿತು. ದಿನಾ ಬಂದು ನುಂಗಿ ಹೋಗುತ್ತಿದ್ದಳು.

ಮೊದಲ ತಿಂಗಳು ವಾಕರಿಕೆ. ಮುಟ್ಟಿನ ದಿನವಲ್ಲದಿದ್ದರೂ ಸೀರೆಗೆ ಕಲೆ. ಪಾಪ, ತಿಂಗಳಿಗೆ ಎರಡು ಸಲ ಗುಡಿಸಲು ಸೇರಿದಳು. ಅತ್ತೆ ಈರಜ್ಜಿ ಹುಬ್ಬು ಗಂಟಿಕ್ಕಿದಳು. ಮೂರನೆಯ ತಿಂಗಳಿಗೆ ಮೈ ಒಗ್ಗಿತು. ಐದು ದಿನ ಸುರಿಯುತ್ತಿದ್ದದ್ದು ಎರಡೇ ದಿನ, ಅದೂ ಅಷ್ಟಿಷ್ಟು. "ಹಗುರಾಗಿವ್ನಿ" ಎಂದು ನಕ್ಕಳು.

ಆಮೇಲೆ ಕರಿಯಣ್ಣ ಕುರಿ ಹೊಡೆದುಕೊಂಡು ಪಾವಗಡದಾಚೆ ಮೇವಿಗೆ ಹೊರಟ. ಮೂರು ತಿಂಗಳ ಮಾತು.

"ಅವ್ನೇ ಇಲ್ದಾಗ ಯಾಕಮ್ಮ ನುಂಗೋದು?"

ನಿಜವೆನ್ನಿಸಿ ನಿಲ್ಲಿಸಿದೆ. ಮೂರು ದಿನಕ್ಕೆ ಮುಟ್ಟಾಗಿ ಗುಡಿಸಲಲ್ಲಿ ಕೂತಳು. ಹಟ್ಟಿಯೆಲ್ಲ ನೋಡಿತು. ಮುಂದಿನ ತಿಂಗಳು ಮುಟ್ಟಾಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

ಬಿಳಿಚಿದ ಮುಖದಲ್ಲಿ ಓಡಿ ಬಂದಳು. ನಾನು ಸಮಾಧಾನ ಹೇಳಿದೆ: "ಮಾತ್ರೆ ಬಿಟ್ಟ ಮೇಲೆ ಕೆಲವರಿಗೆ ಒಂದೆರಡು ತಿಂಗಳು ತಡ ಆಗ್ತದೆ ನಾಗಕ್ಕ. ಮೈ ಮತ್ತೆ ತನ್ನ ದಾರಿಗೆ ಬರಬೇಕಲ್ಲ."

"ಇದ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

ಡಾಕ್ಟರು ನನಗೆ ಹೇಳಿದ್ದರು. ಅದರಿಂದ ಅಪಾಯವಿಲ್ಲವೆಂದು ನಾನು ಬಿಟ್ಟಿದ್ದೆ. ನಮ್ಮೂರಿನ ಮೈಗೆ ಇಲ್ಲದ ಅಪಾಯ, ತಿಂಗಳ ಲೆಕ್ಕವಿಡುವ ಈ ಊರಿನ ಮೈಗಿದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಕರಿಯಣ್ಣ ಬಂದದ್ದು ಬೆಳಗ್ಗೆ. ಹೆಂಡತಿಗೆ ನೀರು ನಿಂತಿದೆ ಎಂದು ಹಟ್ಟಿಯ ಬಾಗಿಲಲ್ಲೇ ಯಾರೋ ಕಿವಿಗೆ ಹಾಕಿದ್ದರು. ನಾನು ಕೂಗು ಕೇಳಿ ಓಡಿದಾಗ ಅವನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಬೀದಿಯಲ್ಲಿ ಎಳೆಯುತ್ತಿದ್ದ. ಕೆನ್ನೆಗೆ, ಕಿವಿಗೆ, ಬೆನ್ನಿಗೆ ಏಟು. ಹಲ್ಲು ಮುರಿದು ಬಾಯಿ ಕೆಂಪಾಗಿತ್ತು.

"ಯಾರ್ದು ಹೇಳೇ? ಯಾರ್ದು?"

ಸುತ್ತ ಜನ ನಿಂತಿದ್ದರು. ಒಬ್ಬರೂ ಕೈ ಅಡ್ಡ ಹಾಕಲಿಲ್ಲ.

"ಯಾರದ್ದೂ ಅಲ್ಲ! ನಾನು ಮಾತ್ರೆ ಕೊಟ್ಟಿದ್ದೆ, ಅದಕ್ಕೇ ತಡ ಆಗಿದೆ!" ಎಂದು ಕೂಗಿದೆ.

ಅವನು ತಿರುಗಿ ನೋಡಿದ. "ನನ್ ಹೆಂಡ್ತಿ ಬಸುರು ತಡ್ಯಕ್ಕೆ ನೀನ್ಯಾವಳೇ?" ಕುರಿ ಕಾಯುವ ದೊಣ್ಣೆ ಬೀಸಿದ. ತಲೆಗೆ ಬೀಳುವುದು ಅಡ್ಡ ಒಡ್ಡಿದ ಕೈಗೆ ಬಿತ್ತು. ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಅಲ್ಲಿಂದ ನನ್ನ ಕೋಣೆಗೆ ನುಗ್ಗಿ ಬೀರು, ಸೀಸೆ, ಕೂಸು ತೂಗುವ ತಕ್ಕಡಿ ಎಲ್ಲವನ್ನೂ ಪುಡಿಮಾಡಿದ.

ಮೂರನೆಯ ದಿನ ನಾಗಕ್ಕನಿಗೆ ಮುಟ್ಟು ಬಂತು. ಬದುಕಿದಳು ಅಂದುಕೊಂಡೆ. ಆದರೆ ಜನ ಬೇರೆ ಮಾತು ಹೂಡಿದರು: ಹೊಡೆತಕ್ಕೆ ಬಸಿರು ಇಳಿಯಿತು. ಕರಿಯಣ್ಣ ಮತ್ತೆ ದೊಣ್ಣೆ ಹಿಡಿದು ಗುಡಿಸಲಿನತ್ತ ಹೊರಟ. ಕಟ್ಟು ಹಾಕಿಸಿಕೊಂಡಿದ್ದ ಕೈಯಲ್ಲೇ ನಾನು ಅವನ ಹಿಂದೆ ಓಡಿದೆ.

ಆಗ ಈರಜ್ಜಿ ಎದ್ದಳು. ನನಗಿಂತ ಮೊದಲು ಹಟ್ಟಿಯ ಮಕ್ಕಳನ್ನೆಲ್ಲ ಹೊರತೆಗೆದ ಸೂಲಗಿತ್ತಿ ಅವಳು. ಯಾರೂ ಮುಟ್ಟದ ಸೊಸೆಯಿದ್ದ ಗುಡಿಸಲಿಗೆ ಬಗ್ಗಿ ಒಳಹೊಕ್ಕಳು. ಬಹಳ ಹೊತ್ತಿನ ಮೇಲೆ ಹೊರಬಂದು, ಮೈಲಿಗೆಗೆ ಅಂಜಿ ಬೇಲಿಯ ಬಳಿಯೇ ನಿಂತಿದ್ದ ಮಗನೆದುರು ನಿಂತಳು.

"ಹೊಟ್ಟೆ ಒತ್ತಿ ನೋಡಿವ್ನಿ, ಬಟ್ಟೆ ನೋಡಿವ್ನಿ. ಬಸುರಲ್ಲ, ತಿಂಗಳ ಮುಟ್ಟು. ಇಲ್ದಿದ್ದಕ್ಕೆ ಹೊಡ್ದಿದ್ದೀಯ ಕಣ್ಲಾ. ಇನ್ನೊಂದ್ ಏಟು ಬಿದ್ರೆ ನನ್ ಮ್ಯಾಲೆ ಬೀಳ್ಲಿ."

ಅವನು ತಪ್ಪಾಯಿತು ಅನ್ನಲಿಲ್ಲ. ದೊಣ್ಣೆ ಕೆಳಗಿಳಿಸಿ ಹೋದ. ನಾಗಕ್ಕನ ಎಡಗಿವಿ ಆಮೇಲೆ ಕೇಳಿಸಲೇ ಇಲ್ಲ.

ಗಾಯ ಮಾಗಿದ ಮೇಲೆ ಈರಜ್ಜಿಯೇ ಅವಳನ್ನು ಕರೆತಂದಳು. "ಮಾತ್ರೆ ಕೊಡು. ನನ್ ಎದುರ್ಗೇ ನುಂಗ್ಲಿ. ಆದ್ರೆ ಮೊದ್ಲು ನಂಗೆ ಎಲ್ಲಾ ಹೇಳು." ಹೇಳಿದೆ. ನಡುವಿನ ಕಲೆ, ಕಮ್ಮಿಯಾಗುವ ಮುಟ್ಟು, ಬಿಟ್ಟ ಮೇಲಿನ ತಡ, ಒಂದನ್ನೂ ಬಿಡದೆ.

ಮೊನ್ನೆ ರಜೆಗೆ ಕುಂದಾಪುರಕ್ಕೆ ಬಂದೆ. ಸೊಟ್ಟಗೆ ಕೂಡಿಕೊಂಡ ನನ್ನ ಕೈ ನೋಡಿ ಅಮ್ಮ ಅತ್ತಳು, ಇನ್ನು ಹೋಗಬೇಡವೆಂದಳು. ಎರಡನೆಯ ದಿನ ನನಗೆ ಮುಟ್ಟಾಯಿತು. ಅಮ್ಮ ಪ್ರೀತಿಯಿಂದಲೇ ಹಿತ್ತಲ ಜಗಲಿಗೆ ಚಾಪೆ ಹಾಸಿ, ಊಟದ ಬಾಳೆಲೆಯನ್ನು ದೂರದಿಂದ ನನ್ನತ್ತ ಸರಿಸಿದಳು. ಹುಟ್ಟಿದಾಗಿನಿಂದ ಕಂಡದ್ದೇ. ಆ ದಿನ ಉಣ್ಣದೆಯೇ ಎಲೆ ಮಡಚಿದೆ.

"ನಾನು ಊರಿಗೆ ಹೋಗ್ಬೇಕಮ್ಮ" ಅಂದೆ.

ಅಮ್ಮ ಹೊಸ್ತಿಲ ಮೇಲೆಯೇ ನಿಂತು ನನ್ನನ್ನು ನೋಡಿದಳು.

"ಯಾವ ಊರಿಗೆ ಮಾರಾಯ್ತಿ?"