ಸೊಟ್ಟ ಬಂದ ಸೂರ್ಯ

ಮೊಬೈಲ್ ಕೈಯಿಂದ ಜಾರಿತು. ಅಷ್ಟೇ ಆದದ್ದು.

ಶಹಾಪುರದ ನಮ್ಮ ಮನೆಯ ಮಾಳಿಗೆ ಮೇಲೆ ನಿಂತು ದಿನಾ ಸೂರ್ಯೋದಯದ ಫೋಟೋ ತೆಗೆಯುವುದು, ಬಂಧುಗಳ ವಾಟ್ಸಾಪ್ ಗ್ರೂಪಿಗೆ ಹಾಕುವುದು ನನ್ನ ಚಟ. ಬೇಸಿಗೆಯಲ್ಲಿ ಧೂಳಿನ ಕೆಂಪು, ಹತ್ತಿ ಬಿಡಿಸುವ ಕಾಲಕ್ಕೆ ಮಂಜು, ಮಳೆಗಾಲದಲ್ಲಿ ಮೋಡದ ಮರೆಯಿಂದ ಒಂದಿಷ್ಟು ಬೆಳಕು. ರೊಟ್ಟಿಗೆ ಒಲೆ ಹಚ್ಚುವ ಮೊದಲು ನನ್ನದು ಅಂತ ಇದ್ದದ್ದು ಆ ಹೊತ್ತೊಂದೇ. ಅವತ್ತು ಫೋಟೋ ಒತ್ತುವಾಗಲೇ ಬಲಗೈ ಸೋತಿತು. ಬಿದ್ದ ಮೊಬೈಲನ್ನು ಎಡಗೈಯಿಂದ ಎತ್ತಿಕೊಂಡು, ಬಂದದ್ದನ್ನೇ ಕಳಿಸಿದೆ. ಗುಡ್ಡ ವಾಲಿತ್ತು, ಸೂರ್ಯ ಮೂಲೆಗೆ ಬಿದ್ದಿದ್ದ.

"ವೈನಿ, ಆ್ಯಂಗಲ್ ಭಾರಿ ಅದರಿ!" ಎಂದು ಸುರಪುರದ ಮೈದುನ ಬರೆದ. ಉಳಿದವರು ಕೈಮುಗಿದು ಹೂವು ಹಾಕಿದರು.

ಕೆಳಗಿಳಿಯುವಷ್ಟರಲ್ಲಿ ಬಾಯಿ ವಾರೆಯಾಗಿತ್ತು.

ನಮ್ಮ ಯಜಮಾನರು ಆಟೋ ಕರೆಯಲು ಓಡಿದರು. ಸಗರದಿಂದ ಬಂದಿದ್ದ ನನ್ನ ಅಕ್ಕ ಶಾಂತಕ್ಕ ಅಡ್ಡ ನಿಂತಳು. "ಇದು ಲಕ್ವಾ. ದವಾಖಾನ್ಯಾಗ ಸೂಜಿ ಚುಚ್ಚಿ ಕೆಡಸ್ತಾರ. ಒಮ್ಮೆ ಸೂಜಿ ಬಿತ್ತಂದ್ರ ನಾಟಿ ಔಷಧ ಹತ್ತಂಗಿಲ್ಲ. ಮೊದಲ ಆ ಔಷಧ ಕೊಡಾವನ ಕಡೆ ನಡೀರಿ."

ನನಗೆ ದವಾಖಾನೆಗೇ ಹೋಗಬೇಕಿತ್ತು. ಹೇಳಲು ನಾಲಿಗೆ ಹೊರಳಲಿಲ್ಲ. ಔಷಧದವನು ಮೂಗಿಗೆ ಸೊಪ್ಪಿನ ರಸ ಬಿಟ್ಟ, ಎಣ್ಣೆ ತಿಕ್ಕಿದ, "ಗಾಳಿ ಬಡಿಸಬ್ಯಾಡ್ರಿ" ಎಂದ. ಮನೆಗೆ ತಂದು ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಕೌದಿ ಹೊದಿಸಿದರು. ಮರುದಿನ ಬೆಳಕು ಕಿಟಕಿಯ ಸಂದಿನಲ್ಲಿ ದಾರದಷ್ಟು ಕಂಡಿತು. ಆ ಹೊತ್ತಿಗೆ ಕಾಲೂ ಹೋಗಿತ್ತು. ಆಮೇಲೆ ಕಲಬುರಗಿ.

ಸಿಟಿ ಸ್ಕ್ಯಾನ್ ನೋಡಿ ಡಾಕ್ಟರ್, ಸ್ಟ್ರೋಕ್ ಎಂದರು. ಯಾವಾಗ ಶುರುವಾಯಿತೆಂದು ಕೇಳಿದರು. ಯಜಮಾನರು ಆ ಸೊಟ್ಟ ಫೋಟೋ, ಅದರ ಕೆಳಗಿದ್ದ ಟೈಮು ತೋರಿಸಿದರು.

"ಆಗಲೇ ಸೀದಾ ಬಂದಿದ್ರ ಒಂದು ಇಂಜೆಕ್ಷನ್ ಕೊಟ್ಟು ನೋಡಬಹುದಿತ್ರಿ. ಈಗ ಆಗಂಗಿಲ್ಲ."

ಯಾವ ಸೂಜಿಗೆ ಹೆದರಿದ್ದರೋ, ಅದೇ ಸೂಜಿ.

ವಾರ್ಡಿನ ಹೊರಗೆ ಶಾಂತಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳಂತೆ. ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಪೂರ್ತಿ ಬಂದಿಲ್ಲ. ಅವಳು ನನ್ನ ಮೇಲಿನ ಜೀವಕ್ಕೇ ಹಾಗೆ ಮಾಡಿದಳೆಂದು ಎಲ್ಲರೂ ಹೇಳುತ್ತಾರೆ, ನನಗೂ ಗೊತ್ತು, ಆದರೆ ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ.

ಡಿಸ್ಚಾರ್ಜ್ ಆಗಿ ಬಂದ ಮೇಲೆ ಮಾತಾಡಿಸಲು ಬಂದವರೆಲ್ಲ ಬಾಳೆಹಣ್ಣು, ಬ್ರೆಡ್ ತಂದರು. ಹೋಗುವಾಗ ಗಾಳಿ ಬಡಿಯುತ್ತದೆಂದು ಕಿಟಕಿ ಮುಚ್ಚಿ ಹೋದರು. ಫಿಜಿಯೋಥೆರಪಿಯವಳು ಬಂದು ತೆರೆಯುತ್ತಿದ್ದಳು. ನನಗೆ ಮರಳಿ ಬಂದ ಮೊದಲ ಪೂರ್ತಿ ಮಾತು, "ಕಿಡಕಿ ತೆಗೀರಿ." ಎರಡನೆಯದು ಬೈಗುಳ, ಅದನ್ನು ಬರೆಯುವಂತಿಲ್ಲ.

ಕಾಲು ಸ್ವಲ್ಪ ಬಂತು. ಕೈ ಬರಲಿಲ್ಲ. ರೊಟ್ಟಿ ಈಗ ಖಾನಾವಳಿಯಿಂದ ಬರುತ್ತದೆ. ಆದರೂ ಮಾಳಿಗೆ ಹತ್ತಲೇಬೇಕೆಂದು ಹಟ ಹಿಡಿದೆ. ಅದೂ ಹೋದರೆ ನನ್ನದು ಅಂತ ಏನು ಉಳಿಯಿತು?

ಮೊನ್ನೆ ಯಜಮಾನರ ಹೆಗಲು ಹಿಡಿದು ಹತ್ತಿದೆ. ಸೂರ್ಯ ತನ್ನ ಪಾಡಿಗೆ ಬಂದ, ಇಷ್ಟು ದಿನ ಎಲ್ಲಿದ್ದೆ ಅಂತ ಕೇಳುವ ಪೈಕಿ ಅಲ್ಲ. ಎಡಗೈಯಿಂದಲೇ ಫೋಟೋ ಒತ್ತಿದೆ. ಗುಡ್ಡ ಮತ್ತೆ ವಾಲಿತು. ಹಾಗೇ ಗ್ರೂಪಿಗೆ ಹಾಕಿದೆ.

ಈ ಸಲ ಯಾರೂ ಹೂವು ಹಾಕಲಿಲ್ಲ. ಫೋನೇ ಬಂತು. ಶಾಂತಕ್ಕ.

"ಫೋಟೋ ಸೊಟ್ಟ ಬಂದದಲ್ಲ, ಏನಾತು ತಂಗಿ? ಗಾಡಿ ತರ್ತೀನಿ. ಸೀದಾ ಕಲಬುರ್ಗಿಗೆ ಹೋಗೂಣು, ಎಲ್ಲಿಗೂ ಬ್ಯಾಡ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಲಿಗೆ ತುದಿಗೆ ಬಂದಿತ್ತು. ಆಚೆ ಕಡೆ ಅವಳ ಉಸಿರು ಕೇಳುತ್ತಿತ್ತು.

"ಏನೂ ಆಗಿಲ್ಲ. ಎಡಗೈಲೆ ತೆಗದೀನಿ. ಗಾಡಿ ಬ್ಯಾಡ" ಎಂದೆ. "ಬರೂಮುಂದ ನಾಕು ರೊಟ್ಟಿ ಬಡಕೊಂಡು ಬಾ."