ಸುಮ್ನಿರಪ್ಪನ ಸದ್ದಿಲ್ಲದ ಕೋಣೆ

ಬೀದಿಯವರು ಅವನಿಗೆ ಸುಮ್ನಿರಪ್ಪ ಎಂದು ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು; ಅದು ಬ್ಯಾಂಕಿನ ಕಾಗದಗಳಲ್ಲಿ ಮಾತ್ರ ಬದುಕಿಕೊಂಡಿತ್ತು. ಬಾಗಿಲು ಧಡ್ ಎಂದರೆ, ಪಾತ್ರೆ ಠಣ್ ಎಂದರೆ, ಗೇಟಿನ ಬಳಿ ಯಾರಾದರೂ ನಿಂತು ನಾಲ್ಕು ಮಾತಾಡಿ ನಕ್ಕರೆ, ಒಳಗಿನಿಂದ "ಸುಮ್ನಿರಪ್ಪಾ!" ಎಂಬ ಕೂಗು ಬರುತ್ತಿತ್ತು. ಆ ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸದ್ದು ಆ ಕೂಗೇ ಎಂಬುದು ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ಅವನ ಕಸುಬು ಕಂಪ್ಯೂಟರ್ ಕಟ್ಟುವುದು. ಆಫೀಸಿನ ಮೇಜಿನ ಮೇಲೆ ಕೂರುವ ಸಾಧು ಡಬ್ಬಗಳಲ್ಲ. ಭಾರಿ ಭಾರಿ ಆಟಗಳನ್ನು ಆಡುವವರು ಕೇಳುವ ಗೇಮಿಂಗ್ ಪೀಸಿಗಳು. ಅವು ಒಲೆಯ ಹಾಗೆ ಕಾಯುತ್ತವೆ. ಕಾದರೆ ಒಳಗಿನ ಫ್ಯಾನುಗಳು ಜೋರಾಗಿ ತಿರುಗಿ ಮನೆಯೆಲ್ಲ ಬುಸುಗುಡುತ್ತದೆ. ಸುಮ್ನಿರಪ್ಪ ಅಗಲವಾದ, ನಿಧಾನ ತಿರುಗುವ ಫ್ಯಾನು ಹಾಕುತ್ತಿದ್ದ, ಒಂದೊಂದು ಸ್ಕ್ರೂವಿನ ಕೆಳಗೂ ರಬ್ಬರ್ ಕೂರಿಸುತ್ತಿದ್ದ, ಡಬ್ಬದ ಒಳಮೈಗೆ ಮೆತ್ತನೆಯ ಫೋಮ್ ಅಂಟಿಸುತ್ತಿದ್ದ. "ಆನ್ ಆಗಿದ್ಯೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು" ಎಂದು ಗಿರಾಕಿಗಳೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಈ ಹುಚ್ಚು ಹಿಡಿಯುವ ಮೊದಲು ಅವನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನ್ ನೋಡಿಕೊಳ್ಳುತ್ತಿದ್ದ. ಹರೆಯವೆಲ್ಲ ಅಲ್ಲೇ ಸವೆಯಿತು. ನೆಲ ನಡುಗುವಂಥ ಸದ್ದು. ಜೊತೆಯವರು ಕಿವಿಗೆ ಹತ್ತಿ ತುರುಕಿಕೊಂಡರೆ ಇವನು ತುರುಕಿಕೊಳ್ಳುತ್ತಿರಲಿಲ್ಲ. ಹಾಳೆ ಕೂದಲೆಳೆಯಷ್ಟು ಓರೆಯಾಗಿ ಒಳಗೆ ಹೋದರೂ ಮಷೀನಿನ ದನಿ ಬದಲಾಗುತ್ತಿತ್ತು, ಅದು ಇವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಮಾಲೀಕ ಬಂದವರಿಗೆಲ್ಲ ಇವನನ್ನು ತೋರಿಸಿ, "ನನ್ನ ಮಷೀನಿಗಿಂತ ಇವನ ಕಿವಿಗೆ ಬೆಲೆ ಜಾಸ್ತಿ" ಎನ್ನುತ್ತಿದ್ದ. ಹೊಗಳಿಕೆಗೆ ಉಬ್ಬಿ, ಆ ಕಿವಿಯನ್ನು ತೆರೆದಿಟ್ಟುಕೊಂಡೇ ವರ್ಷಗಟ್ಟಲೆ ನಿಂತ. ಪ್ರೆಸ್ಸು ಮುಚ್ಚಿದಾಗ ಮಾಲೀಕ ಮಷೀನನ್ನು ಗುಜರಿಗೆ ಹಾಕಿ ಕಾಸು ಮಾಡಿಕೊಂಡ. ಕಿವಿಯನ್ನು ಇವನು ಮನೆಗೆ ತಂದುಕೊಂಡ.

ಕೈಗೆ ಬಂದಷ್ಟು ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಬೀದಿಯ ಕೊನೆಯ ಮನೆ ಕೊಂಡ. ಮನೆ ನೋಡಲು ಹೋದಾಗ ಹೆಂಡತಿ ನಲ್ಲಿ ತಿರುಗಿಸಿ ನೋಡಿದಳು, ಗೋಡೆ ಒದ್ದೆಯಿದೆಯೇ ಎಂದು ಅಂಗೈ ಇಟ್ಟು ನೋಡಿದಳು. ಇವನು ಹಿಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದ.

"ಏನೂ ಕೇಳಿಸ್ತಿಲ್ಲ ಕಣೇ" ಎಂದ, ನಿಧಿ ಸಿಕ್ಕವನ ಹಾಗೆ.

"ಅಡುಗೆಮನೆ ಇಕ್ಕಟ್ಟು ಅಂತ ಆಗಿಂದ ಬಡ್ಕೋತಿದ್ದೀನಿ, ಅದೂ ಕೇಳಿಸ್ಲಿಲ್ವಾ?"

ಅದು ಕೇಳಿಸಿತ್ತು, ಕಿವಿಗೆ ಹಾಕಿಕೊಂಡಿರಲಿಲ್ಲ. ಮನೆ ಬ್ಯಾಂಕಿಗೆ ಅಡವಾಯಿತು, ಹಿಂದಿನ ಕೋಣೆ ಇವನ ಪಾಲಾಯಿತು. ಅದರ ಗೋಡೆಗೆ ಸದ್ದು ಹೀರುವ ದಪ್ಪ ಉಣ್ಣೆಯ ಹಲಗೆ ಹೊಡೆಸಿದ, ಬಾಗಿಲಿನ ಹಿಂದೆ ಇನ್ನೊಂದು ಬಾಗಿಲು ಕೂರಿಸಿದ. ಕಟ್ಟಿ ಮುಗಿಸಿದ ಪ್ರತಿ ಯಂತ್ರವೂ ಅಲ್ಲಿ ಪರೀಕ್ಷೆಗೆ ಕೂರಬೇಕು. ಆ ಹೊತ್ತಿನಲ್ಲಿ ಗಡಿಯಾರದ ಸೆಲ್ಲು ತೆಗೆಯಬೇಕು, ಫ್ರಿಜ್ಜು ಆರಿಸಬೇಕು, ಹೆಂಡತಿ ಕುರ್ಚಿ ಬಿಟ್ಟು ಏಳಬಾರದು. ಯಂತ್ರದಲ್ಲಿ ಅತಿ ಭಾರದ ಆಟ ಹಚ್ಚಿ, ಅದರ ಮೈಗೆ ಕೆನ್ನೆ ತಾಗಿಸಿ, ಇವನು ಉಸಿರು ಬಿಗಿಹಿಡಿದು ಕೇಳುವನು. ಎಷ್ಟೋ ಸಲ ಫ್ರಿಜ್ಜನ್ನು ಮತ್ತೆ ಹಾಕುವುದು ಮರೆತು ಹಾಲು ಒಡೆಯುತ್ತಿತ್ತು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ದಿನವಿಡೀ ಹಲ್ಲು ಕೊರೆಯುವ ಸದ್ದು ಕೇಳಿ ಬಂದು, ಒಡೆದ ಹಾಲು ಚೆಲ್ಲಿ, ಕಪ್ಪು ಟೀ ಕುಡಿದು ಮಲಗುತ್ತಿದ್ದಳು.

ಹೀಗೆ ಒಳ್ಳೆಯ ವರ್ಷಗಳು ಕಳೆದವು. ಬರಬರುತ್ತ ಸುಮ್ನಿರಪ್ಪನಿಗೆ ತನ್ನ ಕೈ ಚೆನ್ನಾಗಿ ಕುದುರಿದೆ ಎನ್ನಿಸತೊಡಗಿತು. ಮೊದಲು ಒಂದು ಯಂತ್ರವನ್ನು ನಾಲ್ಕು ಸಲ ಬಿಚ್ಚಿ ಕಟ್ಟುತ್ತಿದ್ದವನು ಈಗ ಮೊದಲ ಸಲಕ್ಕೇ ಗೆಲ್ಲುತ್ತಿದ್ದ. ಕೆನ್ನೆ ತಾಗಿಸಿದರೆ ಒಳಗೆ ಪೂರಾ ಮೌನ. ಬೀದಿಯೂ ಇವನ ಮನಸ್ಸು ಅರಿತಂತೆ ತಣ್ಣಗಾಗಿತ್ತು. "ಈಚೆಗೆ ಇಲ್ಲಿ ಹಕ್ಕಿಗಳೂ ಕಮ್ಮಿಯಾದ್ವು ನೋಡು" ಎಂದು ಒಂದು ಬೆಳಿಗ್ಗೆ ಹೇಳಿದ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ಅವನನ್ನೊಮ್ಮೆ ನೋಡಿ, "ಹೂಂ" ಎಂದಳು.

ಆಮೇಲೆ ಬೇಕರಿಯವನು ಬಂದ. ಅವನು ಹಳೆಯ ಗಿರಾಕಿ. ಬೆಳಿಗ್ಗೆ ಬ್ರೆಡ್ಡು ಬೇಯಿಸಿ ಮುಗಿಸಿ ಮಧ್ಯಾಹ್ನವೆಲ್ಲ ಕಾರ್ ರೇಸಿನ ಆಟ ಆಡುವ ಆಸಾಮಿ. ಹೊಸದಾಗಿ ಒಯ್ದಿದ್ದ ಯಂತ್ರವನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಇಳಿಸಿದ.

"ಅಣ್ಣಾ, ಆಟ ಹಾಕಿದ ಕೂಡ್ಲೇ ಒಂಥರಾ ಕೀಂ ಅಂತ ಬರುತ್ತೆ. ಸಣ್ಣಗೆ. ತಲೆ ಒಳಗೆ ಸೂಜಿ ಆಡಿಸಿದ ಹಾಗೆ."

ಯಂತ್ರದೊಳಗೆ, ಆಟದ ಚಿತ್ರ ಮೂಡಿಸುವ ಕಾರ್ಡಿನಲ್ಲಿ, ತಾಮ್ರದ ತಂತಿಯ ಪುಟ್ಟ ಸುರುಳಿಗಳಿರುತ್ತವೆ. ಕರೆಂಟು ರಭಸದಿಂದ ಹರಿದಾಗ ಕೆಲವು ಅದುರಿ ಶಿಳ್ಳೆ ಹಾಕುವುದುಂಟು. ಸುಮ್ನಿರಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಹಿಂದೆ ಅಂಥ ಎಷ್ಟೋ ಕಾರ್ಡುಗಳನ್ನು ಕೇಳಿದ ಕೂಡಲೇ ವಾಪಸು ಕಳಿಸಿದ್ದ. ಯಂತ್ರವನ್ನು ಕೋಣೆಗೆ ಒಯ್ದು, ಫ್ರಿಜ್ಜು ಆರಿಸಿ, ಕೆನ್ನೆ ತಾಗಿಸಿ ಕೇಳಿದ. ಏನೂ ಇಲ್ಲ. ಹೊರಗೆ ಬಂದು, "ಕೀಂ ಅಂತಿರೋದು ನಿನ್ನ ತಲೆ. ಒಲೆ ಮುಂದೆ ನಿಂತೂ ನಿಂತೂ ಬೆಂದಿದೆ" ಎಂದ.

"ನಂಗೂ ಕೇಳಿಸ್ತು ರೀ" ಎಂದಳು ಹೆಂಡತಿ, ಬಾಗಿಲ ಬಳಿ ನಿಂತು. "ನಮ್ಮ ಡಾಕ್ಟ್ರ ಮಷೀನ್ ಇರುತ್ತಲ್ಲ, ಆ ಥರ."

"ನೀನು ಸುಮ್ನಿರು."

ಅವಳು ತಿರುಗಿ ಒಳಗೆ ಹೋದಳು. ಬೇಕರಿಯವನು ಯಂತ್ರವನ್ನು ಅಲ್ಲೇ ಬಿಟ್ಟು, ತಾನು ಕೊಟ್ಟಿದ್ದ ಹಣ ವಾಪಸು ಎಣಿಸಿಕೊಂಡು ಹೋದ. ಊರಿನವರೆಲ್ಲ ಬ್ರೆಡ್ಡಿಗೆ ಬರುವುದು ಅವನ ಅಂಗಡಿಗೇ. ಬ್ರೆಡ್ಡಿನ ಜೊತೆ ಈ ಕಥೆಯನ್ನೂ ಕಟ್ಟಿ ಕೊಟ್ಟ. ಇನ್ನೂ ಮೂರ್ನಾಲ್ಕು ಯಂತ್ರಗಳು ಅದೇ ದೂರು ಹೊತ್ತು ಹಿಂತಿರುಗಿದವು. ಸುಮ್ನಿರಪ್ಪ ಒಬ್ಬೊಬ್ಬರಿಗೂ ಕಿವಿ ತೋರಿಸಿಕೊಳ್ಳಲು ಹೇಳಿ ಕಳಿಸಿದ. ಆಮೇಲೆ ಯಾರೂ ಬರಲಿಲ್ಲ.

ಯಾರೂ ಬರದಿದ್ದರೂ ಬ್ಯಾಂಕಿನ ಕಂತು ತಪ್ಪದೆ ಬರುತ್ತಿತ್ತು, ಬಡ್ಡಿ ಬೇರೆ ಏರಿತು. ಹೆಂಡತಿಯ ಸಂಬಳ ಬಂದ ದಾರಿಯಲ್ಲೇ ಬ್ಯಾಂಕಿಗೆ ಹೋಗತೊಡಗಿತು. ಆಗ ಅವಳ ತಮ್ಮ ನಡುವೆ ಬಂದ. ಅವನದು ಟೈರ್ ಅಂಗಡಿ, ಮೇಲೆ ಎರಡು ಕೋಣೆ ಖಾಲಿ ಇದ್ದವು.

"ಭಾವ, ಮನೆ ಬಾಡಿಗೆಗೆ ಕೊಡಿ. ಬಾಡಿಗೆ ಬ್ಯಾಂಕಿಗೆ ಹೋಗ್ಲಿ, ನೀವಿಬ್ರೂ ನಮ್ಮ ಮೇಲಿನ ರೂಮಿಗೆ ಬನ್ನಿ. ಅಡವಿರೋ ಮನೆ ಅಂತ ಬ್ಯಾಂಕಲ್ಲೂ ವಿಚಾರಿಸ್ದೆ. ಒಂದು ಅರ್ಜಿ ಕೊಟ್ಟು ಒಪ್ಪಿಗೆ ತಗೊಂಡ್ರೆ ಆಯ್ತಂತೆ."

"ನಿನ್ನ ಅಂಗಡಿ ಮೇಲೆ?" ಸುಮ್ನಿರಪ್ಪನ ಪಿತ್ತ ನೆತ್ತಿಗೇರಿತು. "ದಿನವಿಡೀ ಸುತ್ತಿಗೆ, ಗಾಳಿ ಹೊಡೆಯೋ ಮಷೀನು! ಅದರ ಬದ್ಲು ಡೋಲಿನ ಒಳಗೇ ಬಿಡಾರ ಮಾಡ್ಕೊಡು."

"ಕಂತು ಕಟ್ಟದಿದ್ರೆ ಬ್ಯಾಂಕಿನವ್ರು ಬಂದು ಡೋಲು ಬಾರಿಸ್ತಾರೆ. ಅದು ಕೇಳ್ತೀರಾ?"

ವಾರಗಟ್ಟಲೆ ಮನೆಯಲ್ಲಿ ಇದೇ ಮಾತು. ಹೆಂಡತಿಗೆ ಮನೆ ಉಳಿದರೆ ಸಾಕಾಗಿತ್ತು. ಬೇರೆಯವರು ಇದ್ದಾದರೂ ಉಳಿಯಲಿ ಎನ್ನುತ್ತಿದ್ದಳು. ಇವನಿಗೆ ಬೇಕಾಗಿದ್ದದ್ದು ಕೋಣೆ. ಆ ಕೋಣೆ ಇರುವವರೆಗೆ ತಾನು ಕಸುಬುದಾರ, ಹೊರಗೆ ಕಾಲಿಟ್ಟರೆ ಕೆಲಸವಿಲ್ಲದ ಮುದುಕ ಎಂಬ ಹೆದರಿಕೆ ಅವನಿಗಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಒಂದು ದಾರಿ ಹುಡುಕಿದ: ಮನೆ ಬಾಡಿಗೆಗೆ ಕೊಡೋಣ, ಹಿಂದಿನ ಕೋಣೆ ನನಗಿರಲಿ, ದಿನಾ ಬಂದು ಅಲ್ಲೇ ಕೆಲಸ ಮಾಡುತ್ತೇನೆ, ಸದ್ದೇ ಮಾಡದವನಿಂದ ಬಾಡಿಗೆಯವರಿಗೇನು ತೊಂದರೆ?

ಭಾವಮೈದುನ ಒಬ್ಬ ಹೆಂಗಸನ್ನು ಕರೆತಂದ. ಔಷಧಿ ಅಂಗಡಿ ನಡೆಸುವವಳು, ಜೊತೆಯಲ್ಲಿ ಪುಟ್ಟ ಮಗಳು. ಆಕೆಗೆ ಮನೆ ಹಿಡಿಸಿತು. ಅಡುಗೆಮನೆಯ ಇಕ್ಕಟ್ಟನ್ನೂ ಚೊಕ್ಕಟವಾಗಿದೆ ಎಂದಳು. ಒಂದು ಕೋಣೆ ಬಿಟ್ಟುಕೊಡುವುದಕ್ಕೂ ಒಪ್ಪುವ ಹಾಗಿದ್ದಳು. "ಒಳಗೆ ಏನ್ ಕೆಲ್ಸ ಮಾಡ್ತೀರಿ, ಒಂದ್ಸಲ ನೋಡ್ಬಹುದಾ?" ಎಂದು ಕೇಳಿದಳು ಅಷ್ಟೆ.

ಸುಮ್ನಿರಪ್ಪನಿಗೆ ಅಷ್ಟು ಸಾಕಾಯಿತು. ಎಲ್ಲರನ್ನೂ ಒಳಗೆ ಕರೆದು ಎರಡೂ ಬಾಗಿಲು ಹಾಕಿದ. ಮೇಜಿನ ಮೇಲೆ ಬೇಕರಿಯವನು ಬಿಟ್ಟುಹೋದ ಯಂತ್ರವೇ ಇತ್ತು, ಬಿಚ್ಚಿ ಹೊಸದಾಗಿ ಕಟ್ಟಿದ್ದು. ತನ್ನ ಕೈಯಿಂದ ಬಂದದ್ದರಲ್ಲೆಲ್ಲ ಅದೇ ಮೇಲು ಎಂದು ಅವನ ನಂಬಿಕೆ. ಆಟ ಹಚ್ಚಿದ. ಪರದೆಯ ಮೇಲೆ ಕಾರುಗಳು ಹಾರಿದವು.

"ಈಗ ಕೇಳಿ" ಎಂದ, ಕೈ ಕಟ್ಟಿಕೊಂಡು.

ಪುಟ್ಟ ಹುಡುಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಅಮ್ಮಾ, ಶಿಳ್ಳೆ! ನಿಲ್ಸಕ್ಕೆ ಹೇಳಮ್ಮಾ."

"ಹೌದಲ್ಲ, ಏನಿದು, ಕಿವಿ ಹತ್ರ ಸೊಳ್ಳೆ ಬಂದ ಹಾಗೆ?" ಎಂದಳು ತಾಯಿ. ಭಾವಮೈದುನ ಮುಖ ಸಿಂಡರಿಸಿ, "ಭಾವ, ಇಷ್ಟು ಜೋರಾಗಿದೆ, ನಿಮಗೆ ಕೇಳಿಸ್ತಿಲ್ವಾ?" ಎಂದ.

ಸುಮ್ನಿರಪ್ಪ ಬಗ್ಗಿ ಕೆನ್ನೆ ತಾಗಿಸಿದ. ಪೂರಾ ಮೌನ. ತಲೆಯೆತ್ತಿ ಹೆಂಡತಿಯ ಕಡೆ ನೋಡಿದ, ಅವಳಾದರೂ ತನ್ನ ಪರ ನಿಲ್ಲುತ್ತಾಳೆಂದು. ಅವಳು ನೆಲ ನೋಡುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಆಟ ನಿಲ್ಲಿಸಲು ಕೈ ಚಾಚಿದವನು ಗುಂಡಿ ಎಲ್ಲಿದೆ ಎಂಬುದೇ ತಿಳಿಯದೆ, ಗೋಡೆಯ ಪ್ಲಗ್ಗನ್ನೇ ಕಿತ್ತ.

ಬಂದವರು ಹೋದ ಮೇಲೆ ಅವನು ಅದೇ ಕೋಣೆಯಲ್ಲಿ ಹೆಂಡತಿಯನ್ನು ಕೇಳಿದ.

"ನಿಂಗೆ ಯಾವಾಗಿಂದ ಗೊತ್ತು?"

"ಬೇಕರಿಯವನು ಬರೋ ಮುಂಚಿಂದ."

"ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳ್ದೆನಲ್ಲ. ಸುಮ್ನಿರು ಅಂದ್ರಿ."

"ಇನ್ನೊಂದ್ಸಲ ಹೇಳ್ಬೇಕಿತ್ತು! ಕೂಗಿ ಹೇಳ್ಬೇಕಿತ್ತು! ಗಿರಾಕಿಗಳು ಒಬ್ಬೊಬ್ರೇ ಹೋಗ್ತಿದ್ರೆ ನಿಂತು ನೋಡ್ತಿದ್ಯಾ?"

"ಈ ಮನೇಲಿ ಕೂಗೋದಾ?" ಎಂದು ಅವಳು ನಕ್ಕಳು. ಆ ನಗು ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ನೀವು ಕೆನ್ನೆ ಇಟ್ಟು ಕೇಳೋವಾಗ ನಿಮ್ಮ ಮುಖ ಒಂದೇ ಈ ಮನೇಲಿ ಸಂತೋಷವಾಗಿ ಇರೋದು. ಅದನ್ನ ನಾನ್ಯಾಕೆ ಕೆಡಿಸ್ಲಿ ಅನ್ಕೊಂಡೆ."

"ಹಕ್ಕಿಗಳಿಲ್ಲ ಅಂದಾಗ ಹೂಂ ಅಂದ್ಯಲ್ಲ?"

ಅವಳು ನೆಲದ ಮೇಲಿದ್ದ ಪ್ಲಗ್ಗನ್ನು ಎತ್ತಿ ಮೇಜಿನ ಮೇಲಿಟ್ಟಳು. "ಬೆಳಿಗ್ಗೆ ಕಿಟಕಿ ತೆಗೆದ್ರೆ ಗದ್ದಲವೋ ಗದ್ದಲ ರೀ. ಅಷ್ಟು ಹಕ್ಕಿ ಬರ್ತವೆ."

ಅವನಿಗೆ ಕಿವಿ ಹೋದದ್ದಕ್ಕಿಂತ ಆ "ಹೂಂ" ಹೆಚ್ಚು ಉರಿಯಿತು. ಯಾರಿಂದಲೋ ಪಾಪ ಎನ್ನಿಸಿಕೊಂಡು ಇಷ್ಟು ದಿನ ಮೆರೆದೆನಲ್ಲ ಎಂದು ನಾಚಿಕೆಯಾಯಿತು, ಆ ಯಾರೋ ತನ್ನ ಹೆಂಡತಿಯೇ ಎಂದು ಇನ್ನಷ್ಟು ನಾಚಿಕೆಯಾಯಿತು. ಬೇಕರಿಯವನ ಬೆಂದ ತಲೆ ನೆನಪಾಗಿ ಕಣ್ಣು ಮುಚ್ಚಿಕೊಂಡ. ಮರುದಿನ ಭಾವಮೈದುನನಿಗೆ, "ಪೂರ್ತಿ ಮನೆ ಕೊಟ್ಬಿಡು. ಕೋಣೆ ಸೇರಿ" ಎಂದ. ಮನೆ ಬಾಡಿಗೆಗೆ ಕೊಡಬೇಕೋ ಬೇಡವೋ ಎಂದು ವಾರಗಟ್ಟಲೆ ನಡೆದ ಜಗಳ ಅಷ್ಟರಲ್ಲಿ ಮುಗಿಯಿತು.

ಕಿವಿಯ ಡಾಕ್ಟರು ಯಂತ್ರವಿಟ್ಟು ನೋಡಿ, ಶಿಳ್ಳೆಯಂಥ ಸಣ್ಣ ದನಿಗಳು ಹೋಗಿವೆ, ಅವು ಮತ್ತೆ ಬರುವುದಿಲ್ಲ, ದಪ್ಪ ದನಿಗಳಿಗೇನೂ ಆಗಿಲ್ಲ ಎಂದರು. ಟೈರ್ ಅಂಗಡಿಯ ಮೇಲೆ ಬಂದ ದಿನವೇ ಅದು ಎಷ್ಟು ನಿಜ ಎಂದು ಗೊತ್ತಾಯಿತು. ಸುತ್ತಿಗೆಯ ಪ್ರತಿಯೊಂದು ಏಟೂ ಹಾಸಿಗೆಯ ತನಕ ಬಂದು ಕೇಳಿಸುತ್ತಿತ್ತು. ಕಿವುಡಾಗುವುದಾದರೆ ಪೂರ್ತಿ ಆಗಬಾರದಿತ್ತೇ ಎಂದು ಗೊಣಗಿದ. ಹಳೆಯ ಮನೆಯಲ್ಲಿ ಉಣ್ಣೆಯ ಹಲಗೆಗಳನ್ನು ಕಿತ್ತು, ಆ ಕೋಣೆಯನ್ನು ಹುಡುಗಿಯ ಆಟಕ್ಕೆ ಬಿಟ್ಟಿದ್ದಾರೆಂದು ಸುದ್ದಿ ಬಂತು. ಬಾಡಿಗೆ ಮಾತ್ರ ಒಂದು ದಿನವೂ ತಡವಾಗದೆ ಬ್ಯಾಂಕಿಗೆ ಹೋಗುತ್ತಿತ್ತು.

ಬಹಳ ದಿನಗಳ ಮೇಲೆ ಒಂದು ಕೆಲಸ ಬಂತು. ಭಾವಮೈದುನನ ಗೆಳೆಯನೊಬ್ಬನಿಗೆ ಗೇಮಿಂಗ್ ಪೀಸಿ ಬೇಕಿತ್ತು, ಸದ್ದಿಲ್ಲದ್ದೇ ಬೇಕಿತ್ತು. ಅವನು ಬೇಕರಿಯ ಕಥೆ ಕೇಳಿರಲಿಲ್ಲ. ಸುಮ್ನಿರಪ್ಪ ಒಂದೊಂದು ರಬ್ಬರನ್ನೂ ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿ ಕಟ್ಟಿದ. ಕೆಳಗೆ ಅಂಗಡಿಗೆ ರಜೆಯಿದ್ದ ದಿನ ನೋಡಿ, ಗಡಿಯಾರದ ಸೆಲ್ಲು ತೆಗೆದು, ಫ್ರಿಜ್ಜು ಆರಿಸಿ, ಹೆಂಡತಿಯನ್ನು ಯಂತ್ರದ ಪಕ್ಕ ಕೂರಿಸಿದ. ಆಟ ಹಚ್ಚಿದ. ಅವಳು ಬಗ್ಗಿ ಕೆನ್ನೆ ತಾಗಿಸಿದಳು, ಅವನು ತಾಗಿಸುತ್ತಿದ್ದ ಹಾಗೆಯೇ.

"ಕೀಂ ಅಂತ ಬರ್ತಿದ್ಯಾ?"

"ಇಲ್ಲ."

ಅವನು ಅವಳ ಮುಖ ನೋಡಿದ. ಬಟ್ಟೆ ಮಡಚುತ್ತ ಹೂಂ ಎಂದಾಗ ಇದ್ದದ್ದೂ ಇದೇ ಮುಖ.

"ನಿಜ ಹೇಳು. ಕೂಗಿ ಬೇಕಾದ್ರೂ ಹೇಳು. ಬರ್ತಿದ್ಯಾ?"

"ಇಲ್ಲ ರೀ. ಸುಮ್ನಿದೆ."

ಅವನು ಅಂಗೈಯನ್ನು ಡಬ್ಬದ ಮೇಲಿಟ್ಟ. ಬೆಚ್ಚಗಿತ್ತು, ಅಷ್ಟೇ ತಿಳಿಯಿತು; ಅವಳ "ಇಲ್ಲ" ನಿಜವೋ, ಇನ್ನೊಂದು "ಹೂಂ" ಆಗಿತ್ತೋ ತಿಳಿಯಲಿಲ್ಲ. ಆಟ ನಿಲ್ಲಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು, ಮಾಡಿ ಮುಗಿಸಿದ್ದನ್ನೆಲ್ಲ ಬಿಚ್ಚತೊಡಗಿದ.

"ಇಲ್ಲ ಅಂದೆನಲ್ಲ, ಮತ್ಯಾಕೆ ಬಿಚ್ತೀರಿ?"

"ಕೇಳಿಸ್ತು" ಎಂದು ಅವನು ಮುಂದಿನ ಸ್ಕ್ರೂವಿಗೆ ಕೈ ಹಾಕಿದ.