ಮಲ್ಲಪ್ಪ ಕಾಕಾನ ಪಿಪೀ

ಜಮಖಂಡಿಯ ನಮ್ಮ ಓಣಿಯಲ್ಲಿ ಸುದ್ದಿಗೆ ಸುದ್ದಿ ಎನ್ನದೆ 'ಪಿಪೀ' ಎನ್ನುತ್ತಿದ್ದವರು ಮಲ್ಲಪ್ಪ ಕಾಕಾ ಒಬ್ಬರೇ. ಬೆಳಿಗ್ಗೆ ಎದುರಾದರೆ ಸಾಕು, "ಏನ್ ಮಾಸ್ತರ, ಇವತ್ತಿನ ಪಿಪೀ ಏನೈತಿ?" ಎಂದು ದಾರಿಗೆ ಅಡ್ಡ ನಿಲ್ಲುತ್ತಿದ್ದರು. ಹುರಿಮೀಸೆ, ನೆಟ್ಟಗಿನ ಬೆನ್ನು, ಸುತ್ತ ನಾಲ್ಕು ಮನೆಗೆ ಕೇಳುವ ದನಿ.

ಆಗ ನಮ್ಮದು ಮುಂಬಯಿ ರಾಜ್ಯ. ನಾನು ಕನ್ನಡ ಸಾಲಿಗೆ ಮಾಸ್ತರನಾಗಿ ಬಂದು ಅವರ ಪಕ್ಕದ ಮನೆ ಹಿಡಿದಿದ್ದೆ. ಈ ಶಬ್ದ ಎಲ್ಲಿಯದೆಂದು ಒಮ್ಮೆ ಕೇಳಿದೆ.

"ಎಲ್ಲಿಂದೂ ಅಲ್ಲ, ನನ್ನ ಕಿವ್ಯಾಗಿಂದು," ಎಂದರು. ಯುದ್ಧದ ಕಾಲಕ್ಕೆ ಅವರು ಪಲ್ಟನ್ನಿನಲ್ಲಿ ವೈರ್‌ಲೆಸ್ ಕೇಳುವ ಕೆಲಸದಲ್ಲಿದ್ದವರು. "ಗಿಡ್ಡ ಸಪ್ಪಳ ಪಿ, ಉದ್ದ ಸಪ್ಪಳ ಪೀ. ಅವೆರಡರಾಗ ಎಲ್ಲಾ ಸುದ್ದಿ ಬರತಿತ್ತು. ಸಾಹೇಬರು ಡಿಟ್, ಡಾ ಅಂತಿದ್ರು. ಅವರ ಕಿವಿಗೆ ಹಂಗ ಕೇಳಿಸಿರಬೇಕು. ಬೆಕ್ಕು ಮ್ಯಾಂವ್ ಅಂದ್ರ ನಾವು ಮ್ಯಾಂವ್ ಅನ್ನೂದಿಲ್ಲೇನು? ಹಂಗ ಇದೂ."

ಮುಂದೆ ಅವರ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಮಾತಿಲ್ಲ ಎಂದರು ಮಿರಜದ ಡಾಕ್ಟರರು. ಹೆಂಡತಿ ಶಾಂತಕಾಕು ಅಳುತ್ತ ಕುಳಿತರು. ಕಾಕಾ ಒಂದು ತಂಬಿಗೆ, ಒಂದು ಚಮಚ ತಂದು ಎದುರಿಗಿಟ್ಟರು.

"ಅಳೂದು ಆಮ್ಯಾಲ. ಮೊದಲ ಇದನ್ನ ಕಲಿ."

ಚಮಚ ಕುಟ್ಟಿದರೆ ಪಿ, ತಂಬಿಗೆಯ ಮೈಮೇಲೆ ಗೀರಿದರೆ ಪೀ. ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಜೋಡಣೆ ಮಾಡಿದ್ದರು. ಕಾಕು ನಾಲ್ಕನೆಯ ಇಯತ್ತೆ ಓದಿದವರು. ರೊಟ್ಟಿ ಬಡಿಯುತ್ತ, ಕಸ ಹೊಡೆಯುತ್ತ ಬಾಯಲ್ಲಿ ಪಿ, ಪೀ ಎಂದುಕೊಳ್ಳುತ್ತಿದ್ದರು. ತಪ್ಪಿದರೆ ಕಾಕಾ ಗದರುತ್ತಿದ್ದರು. "ಸಾಯೂ ಮನಷ್ಯಾನ ಸಿಟ್ಟು ನೋಡ್ರಿ," ಎಂದು ಕಾಕು ನನ್ನೆದುರು ಕಣ್ಣೊರೆಸಿಕೊಂಡರು. "ಸಾಯಾಕ ಅಲ್ಲ, ಮಾತಾಡಾಕ ಹೊಂಟೇನಿ," ಎಂದರು ಕಾಕಾ.

ಆಪರೇಷನ್ನಿನ ನಂತರ ನಾನು ಮಿರಜಕ್ಕೆ ಹೋದಾಗ ಅವರು ಒರಗಿ ಕುಳಿತಿದ್ದರು. ನನ್ನನ್ನು ಕಂಡು ತಂಬಿಗೆ ಎಳೆದುಕೊಂಡು ಕುಟ್ಟಿದರು, ಗೀರಿದರು. ಕಾಕು ಕಿವಿಗೊಟ್ಟು ಕೇಳಿ ನಕ್ಕುಬಿಟ್ಟರು.

"ಇಲ್ಲೀ ಚಹಾ ಸಪ್ಪಗ ಐತಿ, ಮಾಸ್ತರಿಗೆ ಕೊಡಬ್ಯಾಡ ಅಂತಾರ್ರಿ."

ಹೀಗೆಯೇ ಕಾಕುವಿನ ಬಾಯಿಂದ ಅವರು ಓಣಿಯವರೊಂದಿಗೆ ಕೆಲವು ವರ್ಷ ಜಗಳವಾಡಿದರು, ವ್ಯವಹಾರ ಮಾಡಿದರು, ಮಗಳ ಮದುವೆ ಮಾತಾಡಿ ಮುಗಿಸಿದರು. ನನಗೆ ಮುಧೋಳಕ್ಕೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಿಳಿದು ಹೋದಾಗ ಪಡಸಾಲೆಯ ತುಂಬ ಜನ. ಕಡೆಯ ಹೊತ್ತಿಗೆ ಕಾಕುವಿನ ಅಂಗೈ ಹಿಡಿದು ಬೆರಳಿನಿಂದ ಬಹಳ ಹೊತ್ತು ಕುಟ್ಟಿ, ಗೀರಿದರಂತೆ.

"ಏನ್ ಹೇಳಿದ್ರವ್ವಾ?" ಎಂದು ಒಬ್ಬಾಕೆ ಕೇಳಿದಳು.

ಶಾಂತಕಾಕು ತಲೆಯೆತ್ತಿ ಆಕೆಯನ್ನು ನೋಡಿದರು. "ಅದು ನನಗ ಹೇಳಿದ್ದವ್ವಾ," ಎಂದರು.